ಅಲೆ ಏರುವಾಗ ಶಾಲೆಯ ಸಿಬ್ಬಂದಿಯನ್ನು ಕಾಯುವುದು ಹೇಗೆ: ಮುಖ್ಯ ಶಿಕ್ಷಕರಿಗೊಂದು ಮಾರ್ಗದರ್ಶಿ

2022ರ ಜನವರಿ, ಸಂಕ್ರಾಂತಿ ಕಳೆದ ವಾರ. ಕೋವಿಡ್‌ನ ಒಮಿಕ್ರಾನ್ ಅಲೆ ಏರುತ್ತಿತ್ತು. ಬೆಂಗಳೂರಿನಲ್ಲಿ ಶಾಲೆ ಮುಚ್ಚಿದ್ದರು, ನಮ್ಮ ಕಡೆ ತೆರೆದೇ ಇತ್ತು. ಶನಿವಾರ ಸಂಜೆ ನಮ್ಮ ಶಾಲೆಯ ಒಬ್ಬ ಶಿಕ್ಷಕರಿಗೆ ಪಾಸಿಟಿವ್ ಬಂತು. ಏಳು ಗಂಟೆಗೆ ನಾನೇ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಎಲ್ಲರೂ ಓದಿದರು, ಎಲ್ಲರೂ ಪರೀಕ್ಷೆ ಮಾಡಿಸಿಕೊಂಡರು. ನನ್ನ ಕೆಲಸ ಮುಗೀತು ಅಂದುಕೊಂಡೆ.

ಸೋಮವಾರ ಬೆಳಗ್ಗೆ ಅಡುಗೆಯಮ್ಮ ಎಂದಿನಂತೆ ಬಂದು ಒಲೆ ಹಚ್ಚಿದರು. ಅವರ ಹತ್ತಿರ ಇದ್ದದ್ದು ಗುಂಡಿಯೊತ್ತುವ ಹಳೇ ಫೋನು. ಶುಕ್ರವಾರ ಅದೇ ಶಿಕ್ಷಕರ ಜೊತೆ ಉಗ್ರಾಣದಲ್ಲಿ ಕೂತು ಅರ್ಧ ಗಂಟೆ ಅಕ್ಕಿ, ಬೇಳೆ ದಾಸ್ತಾನು ಲೆಕ್ಕ ಹಾಕಿದ್ದವರು ಅವರು. ಮನೆಯಲ್ಲಿ ಉಬ್ಬಸದ ಮಾವ. ಮಂಗಳವಾರ ಯಾರೋ ಒಬ್ಬ ಹುಡುಗನ ತಾಯಿಯಿಂದ ಅವರಿಗೆ ವಿಷಯ ಗೊತ್ತಾಯಿತು. "ನಂಗೂ ಒಂದ್ ಮಾತು ಹೇಳ್ಬಹುದಿತ್ತಲ್ಲ ಮೇಡಂ" ಅಂದರು. ಸಿಟ್ಟಿನಿಂದ ಹೇಳಲಿಲ್ಲ, ಮೆಲ್ಲಗೆ ಹೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ಅವರಿಗೆ ನೆಗೆಟಿವ್ ಬಂತು, ಮಾವನಿಗೂ ಏನೂ ಆಗಲಿಲ್ಲ. ಆದರೆ ಆ ಮಾತು ನನ್ನೊಳಗೆ ಉಳಿಯಿತು. ಅವತ್ತಿನಿಂದ ನಾನು ಕಲಿತದ್ದನ್ನು, ಬೇರೆ ಶಾಲೆಗಳವರಿಂದ ಕೇಳಿ ತಿಳಿದದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಹೆಚ್ಚಿನದು ಕೋವಿಡ್ ಅನುಭವ. ಮುಂದೆ ಬರುವುದು ಬೇರೆ ವೈರಸ್ ಇರಬಹುದು. ಆದರೂ ಉಸಿರಿನಿಂದ ಹರಡುವ ಯಾವ ಕಾಯಿಲೆಗೂ ಇದರಲ್ಲಿ ಬಹುಪಾಲು ಕೆಲಸಕ್ಕೆ ಬರುತ್ತದೆ.

ಹಂತ 1: ನಿಮ್ಮ ಆವರಣದಲ್ಲಿ ಯಾರ್ಯಾರು ಉಸಿರಾಡುತ್ತಾರೆ?

ಹಾಜರಿ ಪುಸ್ತಕ ಮುಚ್ಚಿಡಿ. ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಬೆಳಗ್ಗೆ ಗೇಟು ತೆರೆಯುವುದರಿಂದ ಸಂಜೆ ಬೀಗ ಹಾಕುವವರೆಗೆ ಒಳಗೆ ಬರುವ ಪ್ರತಿಯೊಬ್ಬ ದೊಡ್ಡವರ ಹೆಸರು ಬರೆಯಿರಿ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಇದ್ದದ್ದು 6 ಜನ. ಹಾಳೆಯಲ್ಲಿ ಬರೆದಾಗ 11 ಆಯಿತು. ಒಬ್ಬರು ಅತಿಥಿ ಶಿಕ್ಷಕಿ, ಇಬ್ಬರು ಬಿಸಿಯೂಟದ ಅಡುಗೆಯವರು, ಅದೇ ಕಾಂಪೌಂಡಿನ ಅಂಗನವಾಡಿಯ ಕಾರ್ಯಕರ್ತೆ ಮತ್ತು ಸಹಾಯಕಿ. ನಗರದ ಖಾಸಗಿ ಶಾಲೆಯಾದರೆ ವ್ಯಾನಿನ ಚಾಲಕ, ಆಯಾ, ಕಾವಲುಗಾರ, ಗುಡಿಸುವವರು, ವಾರಕ್ಕೆರಡು ಸಲ ಬರುವ ಸಂಗೀತದ ಮೇಷ್ಟ್ರು, ಕಂಪ್ಯೂಟರ್ ರಿಪೇರಿಯವರು ಎಲ್ಲ ಸೇರುತ್ತಾರೆ.

ಪ್ರತಿ ಹೆಸರಿನ ಮುಂದೆ ನಾಲ್ಕು ವಿಷಯ ಬೇಕು. ಫೋನ್ ನಂಬರು, ಅದು ಯಾವ ಥರದ ಫೋನು, ಸುದ್ದಿ ಹೇಗೆ ಮುಟ್ಟಿಸಬೇಕು, ತುರ್ತಿಗೆ ಮನೆಯ ಯಾರಿಗೆ ಕರೆ ಮಾಡಬೇಕು. ಫೋನು ಮಗನ ಹತ್ತಿರ ಇರುತ್ತದೆ ಅಂದರೆ ಅದನ್ನೂ ಬರೆಯಿರಿ. ಎಷ್ಟೋ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇರುವುದು ಒಂದೇ, ಅದು ರಾತ್ರಿ ಎಂಟರ ಮೇಲೆಯೇ ಮನೆಗೆ ಬರುವುದು.

ಇನ್ನೊಂದು ವಿಷಯ ಇದೆ, ಅದನ್ನು ಈ ಹಾಳೆಯಲ್ಲಿ ಬರೆಯಬಾರದು. ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಹೃದಯದ ತೊಂದರೆ, ಯಾರು ಗರ್ಭಿಣಿ, ಯಾರ ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯವರಿದ್ದಾರೆ ಎಂಬುದು. ಅಪಾಯ ಜಾಸ್ತಿ ಇರುವವರು ಯಾರು ಅಂತ ನಿಮಗೆ ಗೊತ್ತಿರಬೇಕು, ನಿಜ. ಆದರೆ ಅದನ್ನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿ. "ಹೇಳಲೇಬೇಕು ಅಂತೇನಿಲ್ಲ, ಹೇಳಿದರೆ ಕೆಲಸ ಹೊಂದಿಸಿ ಕೊಡಲು ಅನುಕೂಲ" ಎನ್ನಿ. ಅದು ನಿಮ್ಮ ತಲೆಯಲ್ಲಿ ಇರಲಿ, ಇಲ್ಲವೇ ಬೀಗ ಹಾಕಿದ ಡ್ರಾಯರಿನಲ್ಲಿ ಇರಲಿ. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಬೇಡ.

ಹಂತ 2: ಒಂದೇ ಬಾಯಿ, ಒಂದೇ ಹೊತ್ತು

ಅಲೆ ಏರುವಾಗ ಎಲ್ಲರಿಗಿಂತ ವೇಗವಾಗಿ ಓಡುವುದು ಸುದ್ದಿ. "ನಾಳೆಯಿಂದ ರಜೆಯಂತೆ", "ಆ ಶಾಲೆಯಲ್ಲಿ ಹತ್ತು ಜನಕ್ಕಂತೆ". ಅಧಿಕೃತ ಮಾತು ಸಿಗದಿದ್ದಾಗ "ಅಂತೆ" ಹುಟ್ಟುತ್ತದೆ. ಅದನ್ನು ಬೈದು ನಿಲ್ಲಿಸಲು ಆಗುವುದಿಲ್ಲ, ಅದಕ್ಕಿಂತ ಮೊದಲು ನಿಜ ಹೇಳಿ ನಿಲ್ಲಿಸಬಹುದು.

ನಾವು ಮಾಡಿಕೊಂಡ ಏರ್ಪಾಡು ಸರಳ. ದಿನವೂ ಸಂಜೆ 6ಕ್ಕೆ ಒಂದು ಸಂದೇಶ. ಹೇಳಲು ಹೊಸದೇನೂ ಇಲ್ಲದಿದ್ದರೂ "ಇವತ್ತು ಬದಲಾವಣೆ ಇಲ್ಲ, ನಾಳೆ ಎಂದಿನಂತೆ" ಅಂತ ಕಳಿಸುವುದು. ಈ ಖಾಲಿ ಸಂದೇಶಕ್ಕೆ ಬೆಲೆ ಇಲ್ಲ ಅಂತ ಮೊದಲು ನನಗೂ ಅನಿಸಿತ್ತು. ನಾಲ್ಕೈದು ದಿನಕ್ಕೇ ಗೊತ್ತಾಯಿತು, ಜನ ಆರು ಗಂಟೆಗೆ ಕಾಯುತ್ತಾರೆ, ಮಧ್ಯೆ ನನಗೆ ಹತ್ತು ಫೋನು ಬರುವುದು ನಿಲ್ಲುತ್ತದೆ. ರಾತ್ರಿ ಹತ್ತಕ್ಕೆ ಬಂದ ಅರ್ಧಂಬರ್ಧ ಸುದ್ದಿಯನ್ನು ಯಾರೂ ನಂಬುವುದಿಲ್ಲ, ಏಕೆಂದರೆ ಆರು ಗಂಟೆಯ ಸಂದೇಶದಲ್ಲಿ ಅದು ಇರಲಿಲ್ಲ.

ಸ್ಮಾರ್ಟ್‌ಫೋನ್ ಇಲ್ಲದವರಿಗೆ ಒಬ್ಬರು ಕರೆ ಮಾಡಬೇಕು. ಅದು ಯಾರ ಹೊಣೆ ಅಂತ ಹೆಸರು ಹಿಡಿದು ಹೇಳಿ. "ಯಾರಾದರೂ ಅಡುಗೆಯವರಿಗೆ ತಿಳಿಸಿ" ಅಂದರೆ ಯಾರೂ ತಿಳಿಸುವುದಿಲ್ಲ. ನಮ್ಮಲ್ಲಿ ಅಡುಗೆಯವರಿಬ್ಬರಿಗೂ ಅಂಗನವಾಡಿಯವರಿಗೂ ನಾನೇ ಕರೆ ಮಾಡುತ್ತಿದ್ದೆ. ನಾಲ್ಕು ಕರೆಗೆ ಎಂಟು ನಿಮಿಷ ಸಾಕು. ಓದಲು ಬಾರದವರಿಗೆ ಗ್ರೂಪಿನಲ್ಲೇ ಧ್ವನಿ ಸಂದೇಶ ಹಾಕಬಹುದು, ಮನೆಯವರ ಫೋನಿನಲ್ಲಿ ಕೇಳಿಸಿಕೊಳ್ಳುತ್ತಾರೆ.

ಗ್ರೂಪನ್ನು ಎರಡು ಮಾಡಿ. ಒಂದರಲ್ಲಿ ಸಂದೇಶ ಹಾಕುವವರು ಇಬ್ಬರೇ, ಮುಖ್ಯ ಶಿಕ್ಷಕರು ಮತ್ತು ಅವರು ಮಲಗಿದರೆ ಕೆಲಸ ಹೊರುವ ಇನ್ನೊಬ್ಬರು. ಆ ಇನ್ನೊಬ್ಬರನ್ನು ಇವತ್ತೇ ಆರಿಸಿ. ಪ್ರಶ್ನೆ, ಶುಭೋದಯ, ಹುಟ್ಟುಹಬ್ಬ ಎಲ್ಲ ಎರಡನೇ ಗ್ರೂಪಿನಲ್ಲಿ ಇರಲಿ. ಪಾಸಿಟಿವ್ ಸುದ್ದಿಯು ನಲವತ್ತು ಗುಲಾಬಿ ಹೂಗಳ ಕೆಳಗೆ ಹೂತು ಹೋಗಬಾರದು.

ಹಂತ 3: ಯಾರಿಗಾದರೂ ಪಾಸಿಟಿವ್ ಬಂದರೆ ಹೇಗೆ ಹೇಳುವುದು

ಹೆಸರು ಹೇಳಬೇಡಿ. ಚಿಕ್ಕ ಶಾಲೆಯಲ್ಲಿ ಯಾರು ಅಂತ ಹೇಗೂ ಗೊತ್ತಾಗುತ್ತದೆ, ಆದರೂ ಹೇಳಬೇಡಿ. 2020ರಲ್ಲಿ ಪಾಸಿಟಿವ್ ಬಂದ ಮನೆಗಳ ಮುಂದೆ ತಗಡು ಹೊಡೆದದ್ದು, ಬೀದಿಯವರು ಮಾತು ಬಿಟ್ಟದ್ದು ನಮ್ಮ ಜನಕ್ಕೆ ಇನ್ನೂ ಮರೆತಿಲ್ಲ. ಆ ಹೆದರಿಕೆ ಇದ್ದರೆ ಮುಂದಿನವರು ಪರೀಕ್ಷೆಯನ್ನೇ ಮಾಡಿಸಿಕೊಳ್ಳುವುದಿಲ್ಲ. ಕೆಮ್ಮನ್ನು ಮಾತ್ರೆ ನುಂಗಿ ಮುಚ್ಚಿಟ್ಟು ಶಾಲೆಗೆ ಬರುತ್ತಾರೆ.

ನಾವು ಬಳಸುವ ಸಂದೇಶ ಹೀಗಿದೆ, ಬೇಕಾದರೆ ಹಾಗೇ ಎತ್ತಿಕೊಳ್ಳಿ:

"ನಮ್ಮ ಸಿಬ್ಬಂದಿಯಲ್ಲಿ ಒಬ್ಬರಿಗೆ ಇಂದು ಪಾಸಿಟಿವ್ ಬಂದಿದೆ. ಅವರು ಮನೆಯಲ್ಲಿದ್ದಾರೆ, ಆರಾಮಾಗಿದ್ದಾರೆ. ಶಾಲೆಗೆ ಕೊನೆಯದಾಗಿ ಬಂದದ್ದು ಶುಕ್ರವಾರ. ಗುರುವಾರ ಮತ್ತು ಶುಕ್ರವಾರ ಅವರ ಹತ್ತಿರ ಕೂತು ಊಟ ಮಾಡಿದವರು, ಒಂದೇ ಬೈಕಿನಲ್ಲಿ ಬಂದವರು, ಮುಚ್ಚಿದ ಕೋಣೆಯಲ್ಲಿ ಜೊತೆ ಕೆಲಸ ಮಾಡಿದವರಿಗೆ ನಾನು ಇವತ್ತು ರಾತ್ರಿಯೊಳಗೆ ಕರೆ ಮಾಡುತ್ತೇನೆ. ನನ್ನ ಕರೆ ಬಾರದಿದ್ದರೂ ಗಂಟಲು ನೋವು, ಜ್ವರ, ಕೆಮ್ಮು, ಮೈಕೈ ನೋವು ಇದ್ದರೆ ನಾಳೆ ಬರಬೇಡಿ, ನನಗೆ ತಿಳಿಸಿ. ನಾಳೆ ಶಾಲೆ ಇದೆ. ಮುಂದಿನ ಸಂದೇಶ ನಾಳೆ ಸಂಜೆ 6ಕ್ಕೆ."

ಇದನ್ನು ಕಳಿಸುವ ಮೊದಲು ಕಾಯಿಲೆ ಬಿದ್ದವರಿಗೆ ಓದಿ ಹೇಳಿ. "ಹೀಗೆ ಹಾಕಲಾ?" ಅಂತ ಕೇಳಿ. ಅವರು "ಹೆಸರೇ ಹಾಕಿ ಮೇಡಂ, ಮುಚ್ಚಿಡೋದೇನಿದೆ" ಅಂದರೆ ಅದು ಅವರ ಇಷ್ಟ.

ಹಂತ 4: ಆದೇಶವನ್ನು ಕೊನೆಯ ಸಾಲಿನವರೆಗೆ ಓದಿ

2022ರ ಜನವರಿ 6ರಿಂದ ಬೆಂಗಳೂರಿನಲ್ಲಿ 10, 11, 12ನೇ ತರಗತಿ ಬಿಟ್ಟು ಉಳಿದ ತರಗತಿ ನಿಂತವು. ಜನವರಿ 31ಕ್ಕೆ ಮತ್ತೆ ಶುರುವಾದವು. ಟಿವಿಯಲ್ಲಿ ಬಂದದ್ದು "ಶಾಲೆ ಬಂದ್" ಎಂಬ ಎರಡೇ ಪದ. ಊರೂರಿನಲ್ಲಿ ಶಿಕ್ಷಕರು, ಪೋಷಕರು ಗೊಂದಲಕ್ಕೆ ಬಿದ್ದರು. ಸುದ್ದಿ ಸುಳ್ಳಾಗಿರಲಿಲ್ಲ. ಯಾವ ಊರಿಗೆ, ಯಾವ ತರಗತಿಗೆ ಎಂಬುದು ಮಾತ್ರ ಬಿಟ್ಟುಹೋಗಿತ್ತು.

ಹಾಗಾಗಿ ಯಾವುದೇ ಆದೇಶದ ಪಿಡಿಎಫ್ ಬಂದರೆ ಮುಂದಕ್ಕೆ ತಳ್ಳುವ ಮೊದಲು ಇಷ್ಟು ನೋಡಿ. ಆದೇಶ ಸಂಖ್ಯೆ, ದಿನಾಂಕ, ಸಹಿ ಇದೆಯೇ? ಯಾವ ಜಿಲ್ಲೆಗೆ? ಯಾವ ತರಗತಿಗೆ? ಯಾವತ್ತಿನಿಂದ ಯಾವತ್ತಿನವರೆಗೆ? ಹಳೇ ವರ್ಷದ ಆದೇಶವೇ ದಿನಾಂಕ ಕತ್ತರಿಸಿಕೊಂಡು ಮತ್ತೆ ಸುತ್ತುವುದು ಬಹಳ. ಅನುಮಾನ ಬಂದರೆ ಸಿಆರ್‌ಪಿಗೆ, ಅಂದರೆ ಸುತ್ತಲಿನ ಶಾಲೆಗಳ ಕ್ಲಸ್ಟರ್ ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿಗೆ, ಒಂದು ಕರೆ ಮಾಡಿ, ಅವರಿಗೂ ಗೊತ್ತಿಲ್ಲದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ.

ಎಲ್ಲಕ್ಕಿಂತ ಮುಖ್ಯವಾದದ್ದು ಸಿಬ್ಬಂದಿ ಬರಬೇಕೋ ಬೇಡವೋ ಎಂಬುದು. ಮಕ್ಕಳಿಗೆ ರಜೆ ಅಂದ ಮಾತ್ರಕ್ಕೆ ಶಿಕ್ಷಕರಿಗೂ ರಜೆ ಅಂತಲ್ಲ. ಆದೇಶದಲ್ಲಿ ಅದು ಕೊನೆಯ ಸಾಲಿನಲ್ಲಿ ಇರುತ್ತದೆ, ಒಮ್ಮೊಮ್ಮೆ ಇರುವುದೇ ಇಲ್ಲ. ಇಲ್ಲದಿದ್ದರೆ ಲಿಖಿತವಾಗಿ ಕೇಳಿ. ಅತಿಥಿ ಶಿಕ್ಷಕರು ಬಾರದಿದ್ದರೆ ಅವರ ಗೌರವಧನ ಏನಾಗುತ್ತದೆ, ಅಡುಗೆಯವರಿಗೆ ಏನು ಎಂಬುದನ್ನೂ ಅದೇ ಪತ್ರದಲ್ಲಿ ಕೇಳಿ. ಅವರಾಗಿ ಕೇಳಲು ಹಿಂಜರಿಯುತ್ತಾರೆ. ನೀವು ಕೇಳಿದರೆ ಅದು ಶಾಲೆಯ ಪ್ರಶ್ನೆ ಆಗುತ್ತದೆ.

ಹಂತ 5: ಮೈ ಸರಿಯಿಲ್ಲದವರು ಮನೆಯಲ್ಲಿ

ಇದೊಂದನ್ನು ಸರಿಯಾಗಿ ಮಾಡಿದರೆ ಅರ್ಧ ಯುದ್ಧ ಗೆದ್ದಂತೆ. ಅಮೆರಿಕದ ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯಲ್ಲಿ 2021ರ ಮೇ ತಿಂಗಳಲ್ಲಿ ನಡೆದದ್ದನ್ನು ಕೇಳಿ. ಲಸಿಕೆ ಹಾಕಿಸಿಕೊಳ್ಳದ ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಮೂಗು ಕಟ್ಟಿತ್ತು, ಸುಸ್ತಿತ್ತು. ಅಲರ್ಜಿ ಇರಬಹುದು ಅಂದುಕೊಂಡು ಎರಡು ದಿನ ಪಾಠ ಮಾಡಿದರು. ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುವಾಗ ಮಾಸ್ಕ್ ಇಳಿಸುತ್ತಿದ್ದರು. ಆಮೇಲೆ ಕೋವಿಡ್‌ನ ಡೆಲ್ಟಾ ತಳಿ ಅಂತ ಗೊತ್ತಾಯಿತು. ತರಗತಿಯ 24 ಮಕ್ಕಳಲ್ಲಿ 12 ಮಕ್ಕಳಿಗೆ ಹರಡಿತ್ತು. ಮೊದಲ ಎರಡು ಸಾಲಿನ 10 ಮಕ್ಕಳಲ್ಲಿ 8 ಮಕ್ಕಳಿಗೆ. ಅಲ್ಲಿಂದ ಮನೆಗಳಿಗೂ ಇನ್ನೊಂದು ತರಗತಿಗೂ ಹೋಗಿ ಒಟ್ಟು 26 ಜನರಿಗೆ ತಗುಲಿತು. ಕಿಟಕಿ ಬಾಗಿಲು ತೆರೆದೇ ಇದ್ದವು.

ಆ ಶಿಕ್ಷಕರನ್ನು ದೂರಲು ನನಗೆ ಮನಸ್ಸಿಲ್ಲ. ನೆಗಡಿಗೆಲ್ಲ ರಜೆ ಹಾಕಬಾರದು ಎಂಬುದು ನಮಗೂ ರಕ್ತದಲ್ಲೇ ಇದೆ ಅಲ್ವಾ? ಜ್ವರದಲ್ಲೂ ಪಾಠ ಮಾಡಿದವರನ್ನು ನಾವೇ ಹೊಗಳಿ ಸನ್ಮಾನ ಮಾಡಿದ್ದೇವೆ. ಅಲೆ ಇರುವಾಗ ಈ ಅಭ್ಯಾಸ ಬಿಡಿಸಬೇಕು. ಬಿಡಿಸುವ ದಾರಿ ಬೈಗುಳ ಅಲ್ಲ. ಬೆಳಗ್ಗೆ 7ಕ್ಕೆ "ಇವತ್ತು ಆಗಲ್ಲ ಮೇಡಂ" ಅಂತ ಫೋನು ಬಂದಾಗ ನೀವು ಹೇಳುವ ಮೊದಲ ಮಾತು. "ಮತ್ತೇನ್ ಮಾಡೋದೀಗ" ಅಂದರೆ ಮುಂದಿನ ಸಲ ಅವರು ಕೆಮ್ಮುತ್ತಲೇ ಬರುತ್ತಾರೆ. "ಹೇಳಿದ್ದು ಒಳ್ಳೇದಾಯ್ತು, ತರಗತಿ ನಾನು ನೋಡ್ಕೋತೀನಿ" ಅನ್ನಿ.

ತರಗತಿ ನೋಡಿಕೊಳ್ಳುವುದು ಹೇಗೆ ಎಂಬುದನ್ನು ಮೊದಲೇ ಹೊಂದಿಸಿಕೊಳ್ಳಿ. ಪ್ರತಿ ಶಿಕ್ಷಕರೂ ಮೂರು ದಿನಕ್ಕಾಗುವಷ್ಟು ಅಭ್ಯಾಸ ಹಾಳೆ ಮಾಡಿ ಒಂದು ಫೈಲಿನಲ್ಲಿ ಇಟ್ಟಿರಲಿ. ಇಬ್ಬರು ಶಿಕ್ಷಕರ ಶಾಲೆಯಾದರೆ ಪಕ್ಕದ ಶಾಲೆಯವರ ಜೊತೆ ಮಾತಾಡಿ, ಕ್ಲಸ್ಟರ್ ಮಟ್ಟದಲ್ಲಿ ಯಾರನ್ನು ಕಳಿಸಬಹುದು ಅಂತ ಸಿಆರ್‌ಪಿಯ ಹತ್ತಿರ ಕೇಳಿಟ್ಟುಕೊಳ್ಳಿ.

ರ‍್ಯಾಪಿಡ್ ಪರೀಕ್ಷೆ ನೆಗೆಟಿವ್ ಬಂತು ಅಂತ ಲಕ್ಷಣ ಇದ್ದವರು ಬರಬಾರದು. ಮೊದಲ ಒಂದೆರಡು ದಿನ ಆ ಪರೀಕ್ಷೆಗೆ ಸೋಂಕು ಸಿಗದೇ ಹೋಗಬಹುದು. ಇನ್ನು ಗೇಟಿನಲ್ಲಿ ಹಣೆಗೆ ಹಿಡಿಯುವ ಥರ್ಮಾಮೀಟರ್. ಅದು ಜ್ವರ ಇರುವವರನ್ನು ಮಾತ್ರ ಹಿಡಿಯುತ್ತದೆ. ಜ್ವರ ಬರುವ ಮೊದಲೇ ಹರಡುವ ಕಾಯಿಲೆಗೆ ಅದನ್ನೇ ನಂಬಿ ಕೂರಬೇಡಿ.

ಎಷ್ಟು ದಿನ ಮನೆಯಲ್ಲಿ ಇರಬೇಕು? ಇದು ಬದಲಾಗುತ್ತಲೇ ಇತ್ತು. ಹಿಂದಿನ ಅಲೆಗಳಲ್ಲಿ 10 ದಿನ ಇದ್ದದ್ದು, 2022ರ ಜನವರಿಯಲ್ಲಿ ಪಾಸಿಟಿವ್ ಬಂದು ಕನಿಷ್ಠ 7 ದಿನ, ಜೊತೆಗೆ ಸತತ 3 ದಿನ ಜ್ವರ ಇರಬಾರದು ಎಂದಾಯಿತು. ಹಾಗಾಗಿ ನೆನಪಿನಿಂದ ಹೇಳಬೇಡಿ. ಅಲೆ ಶುರುವಾದ ದಿನ ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ) ಈಗಿನ ನಿಯಮ ಕೇಳಿ, ದಿನಾಂಕ ಸಮೇತ ಬರೆದು ಅಂಟಿಸಿ.

ಹಂತ 6: ಗಾಳಿ, ಅದರಲ್ಲೂ ಸಿಬ್ಬಂದಿ ಕೊಠಡಿಯ ಗಾಳಿ

2020ರಲ್ಲಿ ನಾವೆಲ್ಲ ಬೆಂಚು ಒರೆಸಿದ್ದೇ ಒರೆಸಿದ್ದು. ಬಾಗಿಲ ಚಿಲಕ, ಪೆನ್ನು, ಪುಸ್ತಕ ಎಲ್ಲಕ್ಕೂ ಸ್ಯಾನಿಟೈಸರ್. ಕೈ ತೊಳೆಯುವುದು ಒಳ್ಳೆಯ ಅಭ್ಯಾಸ, ಮುಂದುವರಿಸಿ. ಆದರೆ ಕೋವಿಡ್ ಹೆಚ್ಚಾಗಿ ಹರಡಿದ್ದು ಉಸಿರಿನ ಗಾಳಿಯಿಂದ, ಒಂದೇ ಕೋಣೆಯ ಗಾಳಿಯನ್ನು ಹಂಚಿಕೊಂಡದ್ದರಿಂದ. ಇನ್ನು ಮನುಷ್ಯರ ಮೇಲೆ ಬ್ಲೀಚಿಂಗ್ ದ್ರಾವಣ ಸಿಂಪಡಿಸುವುದಂತೂ ಯಾವತ್ತೂ ಬೇಡ. ಕಣ್ಣು, ಶ್ವಾಸಕೋಶ ಹಾಳಾಗುತ್ತದೆ.

ಶಾಲೆಯಲ್ಲಿ ದೊಡ್ಡವರಿಗೆ ಅತಿ ಅಪಾಯದ ಜಾಗ ಯಾವುದು? ತರಗತಿ ಅಂತ ಹೇಳುತ್ತೇವೆ. ಇಂಗ್ಲೆಂಡಿನಲ್ಲಿ 2020ರ ಜೂನ್–ಜುಲೈನಲ್ಲಿ ಶಾಲೆ ತೆರೆದಾಗ ಅಲ್ಲಿನ ಆರೋಗ್ಯ ಇಲಾಖೆಯವರು ಶಾಲೆಗಳಲ್ಲಿ ಸೋಂಕು ಹರಡಿದ ಘಟನೆಗಳನ್ನು ಪರಿಶೀಲಿಸಿದರು. ಹೆಚ್ಚಾಗಿ ಹರಡಿದ್ದು ಸಿಬ್ಬಂದಿಯಿಂದ ಸಿಬ್ಬಂದಿಗೆ. ನಮ್ಮ ಶಾಲೆಯನ್ನೇ ನೋಡಿ. ತರಗತಿಯಲ್ಲಿ ಮಾಸ್ಕ್ ಹಾಕಿಕೊಂಡು ಪಾಠ ಮಾಡುತ್ತೇವೆ. ಊಟದ ಬೆಲ್ ಹೊಡೆದ ಕೂಡಲೇ ಆರು ಜನ ಒಂದು ಚಿಕ್ಕ ಕೋಣೆಗೆ ಬಂದು, ಮಾಸ್ಕ್ ತೆಗೆದು, ಡಬ್ಬಿ ಬಿಚ್ಚಿ, ಪಲ್ಯ ಹಂಚಿಕೊಂಡು ನಗುತ್ತಾ ಮಾತಾಡುತ್ತೇವೆ. ಇದು ನಮ್ಮ ದಿನದ ಸುಖದ ಹೊತ್ತು, ಅದನ್ನು ಕಿತ್ತುಕೊಳ್ಳಬೇಡಿ. ಮರದ ಕೆಳಗೆ ಸಾಗಿಸಿ. ನಾವು ಹೊಂಗೆ ಮರದ ಕೆಳಗೆ ನಾಲ್ಕು ಕಲ್ಲು ಹಾಕಿದೆವು. ಮಳೆ ಬಂದರೆ ವರಾಂಡ, ಎರಡು ಸರದಿಯಲ್ಲಿ ಊಟ. ಪಲ್ಯ ಹಂಚಿಕೊಳ್ಳುವುದು ನಿಲ್ಲಲಿಲ್ಲ, ಮಧ್ಯೆ ಎರಡು ಮಾರು ದೂರ ಬಂತು ಅಷ್ಟೇ.

ಆಮೇಲೆ ಕೊಠಡಿಯ ಗಾಳಿ ನೋಡಿ. ಇದಕ್ಕೆ ದುಬಾರಿ ಉಪಕರಣ ಬೇಡ. ಒಂದು ಊದುಬತ್ತಿ ಹಚ್ಚಿ ಕೋಣೆಯ ನಡುವೆ ಹಿಡಿಯಿರಿ. ಹೊಗೆ ಕಿಟಕಿ ಕಡೆಗೋ ಬಾಗಿಲ ಕಡೆಗೋ ಎಳೆದುಕೊಂಡು ಹೋದರೆ ಗಾಳಿ ಓಡಾಡುತ್ತಿದೆ. ಅಲ್ಲೇ ಸುತ್ತಿ ಸುತ್ತಿ ಮೇಲೇರಿ ನಿಂತರೆ ನಿಮ್ಮ ಉಸಿರೂ ಹಾಗೇ ನಿಲ್ಲುತ್ತದೆ. ನಮ್ಮ ಸಿಬ್ಬಂದಿ ಕೊಠಡಿಯಲ್ಲಿ ಹೊಗೆ ಕದಲಲಿಲ್ಲ. ಹುಡುಕಿದರೆ ಹಿಂದಿನ ಗೋಡೆಯಲ್ಲಿ ಒಂದು ಕಿಟಕಿ ಇತ್ತು, ಅದಕ್ಕೆ ಅಡ್ಡವಾಗಿ ಗೋದ್ರೇಜ್ ಬೀರು. ಹತ್ತು ವರ್ಷದಿಂದ ಯಾರೂ ಆ ಕಿಟಕಿ ನೋಡಿರಲಿಲ್ಲ. ನಾಲ್ಕು ಜನ ಸೇರಿ ಬೀರು ಸರಿಸಿದೆವು. ತುಕ್ಕು ಹಿಡಿದ ಚಿಲಕಕ್ಕೆ ಎಣ್ಣೆ ಬಿಟ್ಟು ತೆರೆದೆವು. ಮತ್ತೆ ಊದುಬತ್ತಿ ಹಿಡಿದರೆ ಹೊಗೆ ಸರಕ್ಕನೆ ಹೊರಗೆ ಓಡಿತು. ಆ ಕ್ಷಣ ಎಲ್ಲರಿಗೂ ಗಾಳಿ ಅಂದರೇನು ಅಂತ ಕಣ್ಣಿಗೇ ಕಂಡಿತು. ನಾನು ಕೊಟ್ಟ ಯಾವ ಭಾಷಣದಿಂದಲೂ ಅಷ್ಟು ಆಗಿರಲಿಲ್ಲ.

ಸೀಲಿಂಗ್ ಫ್ಯಾನು ಇರುವ ಗಾಳಿಯನ್ನೇ ತಿರುಗಿಸುತ್ತದೆ, ಹೊಸದನ್ನು ತರುವುದಿಲ್ಲ. ಎದುರುಬದುರು ಕಿಟಕಿ ಬಾಗಿಲು ತೆರೆದಿರಬೇಕು. ಒಂದೇ ಕಡೆ ಕಿಟಕಿ ಇದ್ದರೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಟೇಬಲ್ ಫ್ಯಾನನ್ನು ಕಿಟಕಿಯ ಕಡೆಗೆ, ಹೊರಮುಖವಾಗಿ ಇಟ್ಟರೂ ನಡೆಯುತ್ತದೆ. ನಗರದ ಎಸಿ ಕೋಣೆಗಳವರು ಕಾರ್ಬನ್ ಡೈಆಕ್ಸೈಡ್ ಅಳೆಯುವ ಚಿಕ್ಕ ಯಂತ್ರ ಇಟ್ಟುಕೊಳ್ಳುವುದು ಒಳ್ಳೆಯದು. ಹೊರಗಿನ ಗಾಳಿಯಲ್ಲಿ ಅದು ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 420 ಭಾಗ, ಇರುತ್ತದೆ. ಕೋಣೆಯಲ್ಲಿ 800ರ ಒಳಗೆ ಇರುವಂತೆ ನೋಡಿಕೊಳ್ಳಿ. ಏರುತ್ತಾ ಹೋದರೆ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ ಅಂತ ಅರ್ಥ. ಉಗ್ರಾಣ ಮತ್ತು ಕಂಪ್ಯೂಟರ್ ಕೋಣೆಯನ್ನು ಮರೆಯಬೇಡಿ. ದಾಸ್ತಾನು ಲೆಕ್ಕವನ್ನು ಚೀಲ ಹೊರಗೆ ತಂದು ವರಾಂಡದಲ್ಲಿ ಮಾಡಬಹುದು.

ಹಂತ 7: ಮಾಸ್ಕ್, ದನಿ, ಲಸಿಕೆ

ದಿನಕ್ಕೆ ಆರು ಪೀರಿಯಡ್ ಮಾತಾಡುವವರಿಗೆ ಬಟ್ಟೆ ಮಾಸ್ಕ್ ಸಾಲದು. ಎನ್95 ಕೊಡಿಸಿ. ತಲೆಯ ಹಿಂದೆ ಕಟ್ಟುವ ಪಟ್ಟಿ ಇರುವುದು ಮುಖಕ್ಕೆ ಚೆನ್ನಾಗಿ ಕೂರುತ್ತದೆ. ಮೂಗಿನ ಪಕ್ಕ ಗಾಳಿ ಸೋರುತ್ತಿದ್ದರೆ ಎಷ್ಟು ದುಬಾರಿಯಾದರೂ ಪ್ರಯೋಜನ ಕಡಿಮೆ. ತೊಳೆಯಬಾರದು. ಒಬ್ಬರಿಗೆ ಐದು ಕೊಟ್ಟು, ದಿನಕ್ಕೊಂದರಂತೆ ಬಳಸಿ, ಬಿಚ್ಚಿದ್ದನ್ನು ಕಾಗದದ ಕವರಿನಲ್ಲಿ ಒಣಗಲು ಇಟ್ಟರೆ ಹಲವು ಸಲ ಬಳಸಬಹುದು. ಪಟ್ಟಿ ಸಡಿಲಾದರೆ, ಒದ್ದೆಯಾದರೆ ಎಸೆಯಿರಿ. ಅಡುಗೆಯವರಿಗೂ ಅಷ್ಟೇ ಮಾಸ್ಕ್, ಅದೇ ಗುಣಮಟ್ಟದ್ದು. ದುಡ್ಡು ಎಲ್ಲಿಂದ ಅನ್ನುವ ಪ್ರಶ್ನೆಯನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಇಡಿ. ಊರಿನ ದಾನಿಗಳು ಗಡಿಯಾರ, ಬೀರು ಕೊಡುತ್ತಾರಲ್ಲ, ಈ ವರ್ಷ ಮಾಸ್ಕ್ ಕೊಡಿ ಅಂತ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ಶಿಕ್ಷಕರು ಮಾಸ್ಕ್ ಇಳಿಸುವುದು ಹೆಚ್ಚಾಗಿ ಹಿಂದಿನ ಬೆಂಚಿಗೆ ಕೇಳಿಸಲಿ ಅಂತ. ಗಟ್ಟಿಯಾಗಿ ಕೂಗಿದಷ್ಟೂ ಬಾಯಿಂದ ಹನಿಕಣ ಜಾಸ್ತಿ. ಸೊಂಟಕ್ಕೆ ಕಟ್ಟಿಕೊಳ್ಳುವ ಚಿಕ್ಕ ಮೈಕು ಸಿಗುತ್ತದೆ, ಸಂತೆಯಲ್ಲಿ ವ್ಯಾಪಾರಿಗಳು ಬಳಸುವಂಥದ್ದು. ಅದೊಂದು ಇದ್ದರೆ ಮಾಸ್ಕೂ ಮೂಗಿನ ಮೇಲೆ ನಿಲ್ಲುತ್ತದೆ, ಗಂಟಲೂ ಉಳಿಯುತ್ತದೆ.

ಲಸಿಕೆಯ ವಿಷಯದಲ್ಲಿ ಮುಖ್ಯ ಶಿಕ್ಷಕರು ಮಾಡಬೇಕಾದದ್ದು ಸ್ಲಾಟ್ ಹುಡುಕಿಕೊಡುವುದು, ಆ ದಿನ ಮತ್ತು ಮರುದಿನಕ್ಕೆ ಬಿಡುವು ಕೊಡುವುದು. 2021ರಲ್ಲಿ ಸೆಪ್ಟೆಂಬರ್ 5ರ ಶಿಕ್ಷಕರ ದಿನದೊಳಗೆ ಶಿಕ್ಷಕರಿಗೆ ಲಸಿಕೆ ಮುಗಿಸಲು ಕೇಂದ್ರ ಸರ್ಕಾರ ರಾಜ್ಯಗಳಿಗೆ 2 ಕೋಟಿಗೂ ಹೆಚ್ಚು ಡೋಸ್ ಹೆಚ್ಚುವರಿಯಾಗಿ ಕೊಡುವುದಾಗಿ ಹೇಳಿತ್ತು. ಅಂಥ ಅಭಿಯಾನ ಬಂದಾಗ ಅತಿಥಿ ಶಿಕ್ಷಕರು, ಆಯಾ, ಚಾಲಕರ ಹೆಸರು ಪಟ್ಟಿಯಲ್ಲಿ ಸೇರಿದೆಯೇ ನೋಡಿ. ಮೊದಲ ಹಂತದ ಹಾಳೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಹೆದರಿ ಹಿಂಜರಿಯುವವರನ್ನು ಎಲ್ಲರ ಮುಂದೆ ಪ್ರಶ್ನಿಸಬೇಡಿ. ಪಿಎಚ್‌ಸಿ ವೈದ್ಯರ ಹತ್ತಿರ ಅವರೊಬ್ಬರನ್ನೇ ಕರೆದುಕೊಂಡು ಹೋಗಿ, ಅನುಮಾನ ಕೇಳಲು ಬಿಡಿ.

ಹಂತ 8: ಶಾಲೆಯ ಹೊರಗಿನ ಡ್ಯೂಟಿ

ಶಿಕ್ಷಕರ ಸುರಕ್ಷತೆಯ ಬಗ್ಗೆ ಬರೆಯುವವರು ಶಾಲೆಯ ಗೇಟಿನ ಒಳಗೇ ನಿಲ್ಲುತ್ತಾರೆ. ನಮ್ಮಲ್ಲಿ ಅಪಾಯ ಗೇಟಿನ ಆಚೆಗೂ ಇತ್ತು. ಮನೆಮನೆ ಸಮೀಕ್ಷೆ, ಚೆಕ್‌ಪೋಸ್ಟ್, ವಾರ್ ರೂಮ್ ಫೋನು, ಸೋಂಕಿತರ ಸಂಪರ್ಕ ಹುಡುಕುವುದು ಎಲ್ಲದಕ್ಕೂ ಶಿಕ್ಷಕರನ್ನು ಹಾಕಿದರು. 2020ರ ಆಗಸ್ಟ್‌ನಲ್ಲಿ ಶಾಲೆ ಮುಚ್ಚಿದ್ದಾಗ ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡುವ ವಿದ್ಯಾಗಮ ಯೋಜನೆ ಶುರುವಾಗಿ, ದೇವಸ್ಥಾನದ ಜಗುಲಿ, ಅರಳಿಕಟ್ಟೆ, ಸಮುದಾಯ ಭವನಗಳಲ್ಲಿ ಪಾಠ ನಡೆಯಿತು. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿ ಬಂದ ಮೇಲೆ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿದರು. 2021ರ ಏಪ್ರಿಲ್ 17ರಂದು, ಎರಡನೇ ಅಲೆ ಏರುತ್ತಿದ್ದ ಹೊತ್ತಿಗೇ, ಬಸವಕಲ್ಯಾಣ, ಮಸ್ಕಿ ಮತ್ತು ಬೆಳಗಾವಿಯಲ್ಲಿ ಉಪಚುನಾವಣೆ ನಡೆಯಿತು. ಆ ಡ್ಯೂಟಿ ಮಾಡಿ ಬಂದ ಶಿಕ್ಷಕರಲ್ಲಿ ಕೆಲವರು ಹಿಂತಿರುಗಿ ಶಾಲೆಗೆ ಬರಲೇ ಇಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಡ್ಯೂಟಿ ಆದೇಶ ಬಂದಾಗ ಮುಖ್ಯ ಶಿಕ್ಷಕರು ಸುಮ್ನೆ ಸಹಿ ಹಾಕಿ ಕೊಡಬಾರದು. ಗರ್ಭಿಣಿಯರು, ಗಂಭೀರ ಕಾಯಿಲೆ ಇರುವವರು, ನಿವೃತ್ತಿಗೆ ಹತ್ತಿರ ಇರುವವರ ಪರವಾಗಿ ವೈದ್ಯರ ಪತ್ರ ಲಗತ್ತಿಸಿ, ವಿನಾಯಿತಿ ಕೋರಿ ಅವತ್ತೇ ಬರೆಯಿರಿ. ಪತ್ರ ತಲುಪಿದ್ದಕ್ಕೆ ಗುರುತಾಗಿ ಇನ್ವರ್ಡ್ ನಂಬರು ಹಾಕಿಸಿಕೊಂಡು ಬನ್ನಿ. ಹೋಗಲೇಬೇಕಾದವರಿಗೆ ಎನ್95, ನೀರಿನ ಬಾಟಲಿ, ಸ್ಯಾನಿಟೈಸರ್ ಕೊಟ್ಟು ಕಳಿಸಿ. ತರಬೇತಿ ಸಭಾಂಗಣ, ಡ್ಯೂಟಿಗೆ ಕರೆದೊಯ್ಯುವ ಬಸ್ಸು ಇವೇ ಹೆಚ್ಚು ಅಪಾಯ, ಕಿಟಕಿ ಪಕ್ಕ ಕೂರಲು ಹೇಳಿ. ಆದೇಶದ ಪ್ರತಿ, ಹಾಜರಾದ ದಿನಾಂಕ, ಜಾಗ ಇವನ್ನು ಶಾಲೆಯ ಫೈಲಿನಲ್ಲಿ ಇಡಿ. ನಾಳೆ ಕುಟುಂಬದವರು ಪರಿಹಾರ ಕೇಳಬೇಕಾಗಿ ಬಂದರೆ, ಡ್ಯೂಟಿಯಲ್ಲಿ ಇದ್ದರು ಅನ್ನುವುದಕ್ಕೆ ಆ ಒಂದು ಹಾಳೆಯೇ ಆಧಾರ.

ಹಂತ 9: ಮನೆಯಲ್ಲಿ ಮಲಗಿರುವವರನ್ನು ಮರೆಯಬೇಡಿ

ಪ್ರತಿಯೊಬ್ಬರಿಗೂ ಒಬ್ಬ ಜೋಡಿ ಗೊತ್ತು ಮಾಡಿ. ಒಬ್ಬರು ಮಲಗಿದರೆ ಇನ್ನೊಬ್ಬರು ದಿನಕ್ಕೆರಡು ಸಲ ಕರೆ ಮಾಡಬೇಕು. "ಹೇಗಿದ್ದೀರಿ" ಅಂದರೆ ನಮ್ಮವರು "ಪರವಾಗಿಲ್ಲ" ಅನ್ನುತ್ತಾರೆ, ಉಸಿರು ಮೇಲಕ್ಕೆ ಎಳೆಯುತ್ತಿದ್ದರೂ. ಹಾಗಾಗಿ ಅಂಕಿ ಕೇಳಿ. ಜ್ವರ ಎಷ್ಟು? ಆಕ್ಸಿಜನ್ ಎಷ್ಟು? ಎಷ್ಟು ಊಟ ಮಾಡಿದಿರಿ? ಶಾಲೆಗೆ ಎರಡು ಪಲ್ಸ್ ಆಕ್ಸಿಮೀಟರ್ ತಂದಿಟ್ಟು, ಬೇಕಾದವರ ಮನೆಗೆ ಕಳಿಸಿ. ಕೋವಿಡ್‌ನಲ್ಲಿ 94ಕ್ಕಿಂತ ಕೆಳಗೆ ಬಂದರೆ ಕಾಯಬಾರದು, ವೈದ್ಯರನ್ನು ಕಾಣಬೇಕು. ಮಾತಾಡುವಾಗ ವಾಕ್ಯದ ನಡುವೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಮಂಕು ಕವಿದಂತಾದರೆ 108ಕ್ಕೆ ಕರೆ ಮಾಡಿ. ಎಷ್ಟೋ ಜನಕ್ಕೆ ಕೆಟ್ಟದ್ದು ಎರಡನೇ ವಾರದಲ್ಲಿ, ಜ್ವರ ಬಿಟ್ಟಿತು ಅಂತ ಸಮಾಧಾನ ಆದ ಮೇಲೆ. ಕರೆಯನ್ನು ನಾಲ್ಕನೇ ದಿನಕ್ಕೆ ನಿಲ್ಲಿಸಬೇಡಿ.

ಮನಸ್ಸಿನ ಭಾರಕ್ಕೂ ಫೋನು ಇದೆ. ಟೆಲಿ ಮಾನಸ್, ನಂಬರು 14416. 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಯವರನ್ನು ಕಳೆದುಕೊಂಡು ಬಂದ ಸಹೋದ್ಯೋಗಿಗೆ ಮೊದಲ ವಾರ ಪಾಠ ಕೊಡಬೇಡಿ, ಗ್ರಂಥಾಲಯದ ಪುಸ್ತಕ ಜೋಡಿಸುವ ಕೆಲಸ ಕೊಡಿ.

ಹಂತ 10: ಕಾಗದಪತ್ರ

ಇದು ಹೇಳಲು ಕಷ್ಟದ ವಿಷಯ, ಆದರೆ ಅಲೆ ಬರುವ ಮೊದಲೇ ಹೇಳಬೇಕು. ಖಾಸಗಿ ಶಾಲೆಯ ಶಿಕ್ಷಕರಿಗೆ ಪಿಎಫ್ ಕಟ್ಟುತ್ತಿದ್ದರೆ ಇಡಿಎಲ್‌ಐ ಎಂಬ ವಿಮೆಯೂ ಅದರ ಜೊತೆಗೇ ಇರುತ್ತದೆ. ಕೆಲಸದಲ್ಲಿ ಇರುವಾಗ ತೀರಿಕೊಂಡರೆ ನಾಮಿನಿಗೆ 7 ಲಕ್ಷ ರೂಪಾಯಿವರೆಗೆ ಬರುತ್ತದೆ. ಇದಕ್ಕೆ ಶಿಕ್ಷಕರು ಬೇರೆ ಕಂತು ಕಟ್ಟಬೇಕಿಲ್ಲ. ಬಹಳ ಕುಟುಂಬಗಳಿಗೆ ಇದು ಗೊತ್ತೇ ಇಲ್ಲ. ಇ-ನಾಮಿನೇಷನ್ ಆಗಿದೆಯೇ ಅಂತ ಒಂದು ಮಧ್ಯಾಹ್ನ ಎಲ್ಲರನ್ನೂ ಕಂಪ್ಯೂಟರ್ ಮುಂದೆ ಕೂರಿಸಿ ನೋಡಿ. ಮದುವೆಗೆ ಮುಂಚೆ ಹಾಕಿದ ನಾಮಿನಿಯೇ ಇನ್ನೂ ಇರುವುದು ಸಾಮಾನ್ಯ. ಸರ್ಕಾರಿ ಶಾಲೆಯವರು ಸೇವಾ ಪುಸ್ತಕದ ನಾಮನಿರ್ದೇಶನ, ಕೆಜಿಐಡಿ (ರಾಜ್ಯ ಸರ್ಕಾರಿ ನೌಕರರ ವಿಮಾ ಇಲಾಖೆ) ಪಾಲಿಸಿ ನೋಡಿಕೊಳ್ಳಲಿ.

2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಅನುದಾನರಹಿತ ಖಾಸಗಿ ಶಾಲೆಗಳ ಶಿಕ್ಷಕರಿಗೆ ತಲಾ 5,000 ರೂಪಾಯಿ ನೆರವು ಘೋಷಿಸಿತು. ಅಂಥದ್ದು ಬಂದಾಗ ಬೇಕಾಗುವುದು ನೇಮಕಾತಿ ಪತ್ರ, ಬ್ಯಾಂಕ್ ಖಾತೆ, ಇಲಾಖೆಯ ದಾಖಲೆಯಲ್ಲಿ ಹೆಸರು. ನಿಮ್ಮ ಶಾಲೆಯಲ್ಲಿ ಬಾಯಿಮಾತಿನ ಮೇಲೆ ಕೆಲಸ ಮಾಡುತ್ತಿರುವವರಿಗೆ ಇವತ್ತೇ ಒಂದು ಪತ್ರ ಕೊಡಿಸಿ.

ಹಂತ 11: ಅಲೆ ಇಳಿದ ಮೇಲೆ

ಗುಣವಾಗಿ ಬಂದವರಿಗೆ ಮೊದಲ ಎರಡು ವಾರ ಪೀರಿಯಡ್ ಕಡಿಮೆ ಹಾಕಿ. ಮಹಡಿಯ ತರಗತಿ ಬದಲು ಕೆಳಗಿನದು ಕೊಡಿ. ಕೂತು ಪಾಠ ಮಾಡಲಿ. ಸುಸ್ತು, ಮರೆವು ತಿಂಗಳುಗಟ್ಟಲೆ ಉಳಿಯುವುದುಂಟು, ಅದನ್ನು ಸೋಮಾರಿತನ ಅನ್ನಬೇಡಿ. ಸಂಜೆ 6ರ ಸಂದೇಶವನ್ನು ಥಟ್ಟನೆ ನಿಲ್ಲಿಸದೆ, "ಇನ್ನು ವಾರಕ್ಕೊಂದು ಸಲ, ಸೋಮವಾರ" ಅಂತ ಹೇಳಿ ಇಳಿಸಿ. ಬೀರುವನ್ನು ಮತ್ತೆ ಕಿಟಕಿಗೆ ಅಡ್ಡ ತರಬೇಡಿ.

ಮೊದಲ ಹಂತದ ಹಾಳೆಯನ್ನು ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿ. ಪ್ರತಿ ವರ್ಷ ಶಾಲೆ ಶುರುವಾಗುವ ವಾರ, ದಾಖಲಾತಿಯ ಗಲಾಟೆಯ ನಡುವೆಯೇ ಅರ್ಧ ಗಂಟೆ ಬಿಡುವು ಮಾಡಿಕೊಂಡು, ಅದರಲ್ಲಿರುವ ಪ್ರತಿ ನಂಬರಿಗೂ ಕರೆ ಮಾಡಿ ನೋಡಿ. ಕಳೆದ ಸಲ ನಾವು ಹಾಗೆ ಮಾಡಿದಾಗ 11ರಲ್ಲಿ 3 ನಂಬರು ಬದಲಾಗಿದ್ದವು. ಅದರಲ್ಲಿ ಒಂದು ಅಡುಗೆಯಮ್ಮನದು. ಈಗ ಅವರ ಹತ್ತಿರ ಸ್ಮಾರ್ಟ್‌ಫೋನ್ ಇದೆ. ಆದರೂ ನಾನು ಕರೆಯನ್ನೇ ಮಾಡುತ್ತೇನೆ.